ತಣ್ಣಗಾದ ಮೇಲೆ ಸರಿಹೋದ ಬ್ರೇಕು

ಮೆಕ್ಯಾನಿಕಲ್ ಸೇರಿದ ಮೇಲೆ ಊರಿಗೆ ಹೋದರೆ ನಮಗೆ ಹೊಸ ಹೊಸ ಕೆಲಸಗಳು ಕಾದಿರುತ್ತವೆ. ಮಿಕ್ಸಿ ತಿರುಗುತ್ತಿಲ್ಲ, ಪಂಪ್‌ಸೆಟ್ ನೀರು ಎತ್ತುತ್ತಿಲ್ಲ, ಪಕ್ಕದ ಮನೆಯವರ ಸ್ಕೂಟಿ ಸ್ಟಾರ್ಟ್ ಆಗುತ್ತಿಲ್ಲ. ಎಲ್ಲದಕ್ಕೂ ಒಂದೇ ಮಾತು: "ಅವಳನ್ನ ಕರೀರಿ, ಇಂಜಿನಿಯರ್ ಅಲ್ವಾ?" ನಾವು ಎರಡನೇ ವರ್ಷದಲ್ಲಿ ಓದುತ್ತಿರೋದು ಥರ್ಮೋಡೈನಾಮಿಕ್ಸು, ಫ್ಲೂಯಿಡ್ ಮೆಕ್ಯಾನಿಕ್ಸು, ಜೊತೆಗೆ ಬಿಡದೆ ಬೆನ್ನು ಹತ್ತಿರುವ ಮ್ಯಾಥ್ಸು. ಮಿಕ್ಸಿ ಯಾವ ಸಿಲಬಸ್ಸಿನಲ್ಲೂ ಇಲ್ಲ ಅಂದರೆ ಯಾರೂ ನಂಬಲ್ಲ. ಸಾಮಾನ್ಯವಾಗಿ ಇಂಥದ್ದಕ್ಕೆಲ್ಲ ನಕ್ಕು ತಪ್ಪಿಸಿಕೊಳ್ಳುತ್ತೇನೆ. ಕಳೆದ ದಸರಾ ರಜೆಯಲ್ಲಿ ಚಿಕ್ಕಪ್ಪ ಊಟ ಮಾಡುತ್ತಾ ಹೇಳಿದ ಒಂದು ಮಾತಿನಿಂದ ಮಾತ್ರ ತಪ್ಪಿಸಿಕೊಳ್ಳೋಕೆ ಆಗಲಿಲ್ಲ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಚಿಕ್ಕಪ್ಪನದು ಬಾಡಿಗೆ ಕಾರು, ಪೆಟ್ರೋಲ್ ಗಾಡಿ, ಹಳದಿ ಬೋರ್ಡು. ವಾರಕ್ಕೆ ಎರಡು ಮೂರು ಸಲ ಆಗುಂಬೆ ಘಾಟಿ ಇಳಿದು ಉಡುಪಿಗೋ ಮಣಿಪಾಲಕ್ಕೋ ಹೋಗುತ್ತಾರೆ. ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ. ಹಾಗಾಗಿ ಅವರ ಗಾಡಿಯಲ್ಲಿ ಕೂರುವವರಲ್ಲಿ ಅರ್ಧ ಜನ ಹುಷಾರಿಲ್ಲದವರು, ಇನ್ನರ್ಧ ಜನ ಅವರನ್ನು ನೋಡಿಕೊಳ್ಳಲು ಹೊರಟವರು. ಇಪ್ಪತ್ತೈದು ವರ್ಷದಿಂದ ಅದೇ ಘಾಟಿ, ಅದೇ ಹದಿನಾಲ್ಕು ಹೇರ್‌ಪಿನ್ ತಿರುವು. ಕಣ್ಣು ಮುಚ್ಚಿಕೊಂಡು ಇಳಿಸ್ತೀನಿ ಅನ್ನೋದು ಅವರ ಜಂಬ.

ಆ ದಿನ ಅವರು ಹೇಳಿದ್ದು ಇಷ್ಟು. ಎರಡು ತಿಂಗಳ ಹಿಂದೆ ಅಜ್ಜಿಯನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗುವಾಗ, ಗಾಡಿ ತುಂಬ ಜನ, ಡಿಕ್ಕಿ ತುಂಬ ಲಗೇಜು. ಕೆಳಗಿನ ಕೊನೆಯ ತಿರುವುಗಳ ಹತ್ತಿರ ಬ್ರೇಕ್ ಪೆಡಲ್ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. ಒತ್ತಿದರೆ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ, ಗಾಡಿ ಹಿಡಿಯಲ್ಲ. ಚಿಕ್ಕಪ್ಪ ಪೆಡಲನ್ನು ಪಟಪಟ ಅಂತ ನಾಲ್ಕೈದು ಸಲ ತುಳಿದು, ಸ್ವಲ್ಪ ಹಿಡಿತ ಸಿಕ್ಕಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯುತ್ತಾ ಗುಡ್ಡದ ಕಡೆಯ ಚರಂಡಿಗೆ ಒಂದು ಚಕ್ರ ಇಳಿಸಿ ನಿಲ್ಲಿಸಿದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮೊದಲಿನ ಹಾಗೆ ಗಟ್ಟಿ. ಮಣಿಪಾಲಕ್ಕೆ ಹೋದರು, ಬಂದರು. ಮಾರನೇ ದಿನ ಗ್ಯಾರೇಜಿನಲ್ಲಿ ತೋರಿಸಿದರೆ ಎಲ್ಲ ಸರಿ ಇದೆ ಅಂದರಂತೆ. ಪ್ಯಾಡ್ ಇದೆ, ಲೀಕ್ ಇಲ್ಲ, ಆಯಿಲ್ ಲೆವೆಲ್ ಇದೆ.

"ಬಿಸಿ ಆಗಿತ್ತು ಅಷ್ಟೇ ಮಾರಾಯ್ತಿ. ತಣ್ಣಗಾದ ಮೇಲೆ ಸರಿಹೋಯ್ತು."

ಅಜ್ಜಿ ಮಾತ್ರ ಮಜ್ಜಿಗೆ ಬಡಿಸುತ್ತಾ, "ಸುಟ್ಟ ವಾಸನೆ ಬರ್ತಿತ್ತು ಮಗಾ. ನಾ ಹೇಳ್ದೆ, ಯಾರೂ ಕೇಳ್ಲಿಲ್ಲ" ಅಂದರು.

ನನಗೆ ಅನ್ನ ಇಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಇದ್ದದ್ದು ನಮ್ಮ ಅಜ್ಜಿ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ, ಹುಡುಕಿದಾಗ ಸಿಗದ ತೊಂದರೆ ಯಾವತ್ತೂ ಕೆಟ್ಟದ್ದು. ಬ್ರೇಕ್ ಪೈಪ್ ಒಡೆದರೆ ಎಣ್ಣೆ ಸೋರಿದ್ದು ಕಾಣುತ್ತದೆ, ಪ್ಯಾಡ್ ಸವೆದರೆ ಕಿರ್ ಅನ್ನುತ್ತದೆ. ಘಾಟಿಯಲ್ಲಿ ಮಾತ್ರ ಕೈಕೊಟ್ಟು, ಗ್ಯಾರೇಜಿಗೆ ಬಂದ ಕೂಡಲೇ ಒಳ್ಳೆ ಹುಡುಗನಾಗಿಬಿಡುವ ಬ್ರೇಕನ್ನು ಯಾರು ಹಿಡಿಯುತ್ತಾರೆ? ಮುಂದಿನ ವಾರ ಮತ್ತೆ ಬಾಡಿಗೆ ಇತ್ತು.

ಕಾರಣ ನನಗೆ ಹೆಚ್ಚುಕಡಿಮೆ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಇಂಗ್ಲಿಷಿನಲ್ಲಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವರ ಕಷ್ಟ ಇದು. ಪರೀಕ್ಷೆಯಲ್ಲಿ ಹತ್ತು ಮಾರ್ಕಿನ ಉತ್ತರ ಬರೆಯಬಹುದು, ಜಗಲಿಯಲ್ಲಿ ಕೂತ ಚಿಕ್ಕಪ್ಪನಿಗೆ ಹತ್ತು ವಾಕ್ಯ ಹೇಳೋಕೆ ಹೋದರೆ ನಾಲಿಗೆ ತಡವರಿಸುತ್ತದೆ. "ವೇಪರ್ ಲಾಕ್ ಆಗಿರುತ್ತೆ ಚಿಕ್ಕಪ್ಪ" ಅಂದೆ. "ಲಾಕ್ ಆಗಿದ್ರೆ ಗಾಡಿ ನಿಲ್ಬೇಕಿತ್ತಲ್ಲೇ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ.

ಮಾರನೇ ದಿನ ಬೆಳಿಗ್ಗೆ ಮೆಡಿಕಲ್ ಶಾಪಿಗೆ ಹೋಗಿ ಎರಡು ಸಿರಿಂಜು ತಂದೆ, 5 ಎಂಎಲ್ ಒಂದು, 20 ಎಂಎಲ್ ಒಂದು. ಜೊತೆಗೆ ಡ್ರಿಪ್ ಹಾಕುವ ಪೈಪು. ಎರಡಕ್ಕೂ ನೀರು ತುಂಬಿ, ಗಾಳಿ ಒಂದು ಚೂರೂ ಇಲ್ಲದ ಹಾಗೆ ಪೈಪಿನಿಂದ ಜೋಡಿಸಿದೆ. ಚಿಕ್ಕಪ್ಪನ ಕೈಗೆ ಸಣ್ಣ ಸಿರಿಂಜು ಕೊಟ್ಟು, ದೊಡ್ಡದನ್ನು ನಾನು ಹಿಡಿದುಕೊಂಡೆ. ಅವರು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು, ನನ್ನ ಕಡೆಯದನ್ನು ತಡೆಯೋಕೆ ಸಾಕುಬೇಕಾಯಿತು. ಅಗಲದ ಅಂತರದಿಂದಾಗಿ ಬಲ ಸುಮಾರು ಎರಡೂವರೆ ಪಟ್ಟು ಆಗಿ ಈ ಕಡೆ ಬರುತ್ತದೆ. ಪಾಸ್ಕಲ್‌ನ ನಿಯಮ ಅಂತ ಎಂಟನೇ ಕ್ಲಾಸಿನಿಂದ ಓದುತ್ತಾ ಬಂದಿದ್ದು ಇದೇ. ಮುಚ್ಚಿದ ದ್ರವದಲ್ಲಿ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ, ಅಗಲವಾದ ಪಿಸ್ಟನ್ ಇರುವಲ್ಲಿ ಬಲ ಜಾಸ್ತಿ ಸಿಗುತ್ತದೆ.

ಕಾರಿನಲ್ಲೂ ಇಷ್ಟೇ. ಪೆಡಲ್ ಮೊದಲು ಒಂದು ಸನ್ನೆಗೋಲು. ಕಾಲಿನಲ್ಲಿ 20 ಕೆಜಿ ಬಲ ಹಾಕಿದರೆ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿ 80 ಕೆಜಿ ಮಾಡಿ ಕಳಿಸುತ್ತದೆ. ಅದು ಬಾನೆಟ್ಟಿನ ಒಳಗಿರುವ ಮಾಸ್ಟರ್ ಸಿಲಿಂಡರಿನ ಸಣ್ಣ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ 20 ಮಿಲಿಮೀಟರ್ ಅಗಲ ಇದೆ, ಚಕ್ರದ ಹತ್ತಿರದ ಕ್ಯಾಲಿಪರ್ ಪಿಸ್ಟನ್ 48 ಮಿಲಿಮೀಟರ್ ಇದೆ ಅಂತ ಇಟ್ಟುಕೊಂಡರೆ ಇನ್ನೊಂದು ಆರು ಪಟ್ಟಿನಷ್ಟು ಹೆಚ್ಚುತ್ತದೆ. ಕಾಲಿನ 20 ಕೆಜಿ ಪ್ಯಾಡಿನ ಹತ್ತಿರ 460 ಕೆಜಿ ಆಗಿ ಡಿಸ್ಕನ್ನು ಅದುಮುತ್ತದೆ. ಇದು ಪುಕ್ಕಟೆ ಬರಲ್ಲ ಅನ್ನೋದನ್ನು ಸಿರಿಂಜೇ ತೋರಿಸುತ್ತದೆ. ಸಣ್ಣದು ಒಂದು ಸೆಂಟಿಮೀಟರ್ ಓಡಿದರೆ ದೊಡ್ಡದು ಅರ್ಧ ಸೆಂಟಿಮೀಟರ್ ಕೂಡ ಓಡಲ್ಲ. ಬಲ ಗಳಿಸಿದಷ್ಟು ದೂರ ಕಳೆದುಕೊಳ್ಳುತ್ತೇವೆ. ಪೆಡಲ್ ಇಷ್ಟುದ್ದ ಕೆಳಗೆ ಹೋದರೂ ಪ್ಯಾಡ್ ಸರಿಯುವುದು ಒಂದು ಮಿಲಿಮೀಟರಿನೊಳಗೆ. ಅಷ್ಟಕ್ಕೇ ಲೆಕ್ಕ ಹಾಕಿ ಮಾಡಿದ ವ್ಯವಸ್ಥೆ ಅದು. ನಡುವೆ ಬೇರೆ ಯಾರಾದರೂ ಆ ಓಟವನ್ನು ತಿಂದರೆ ಪ್ಯಾಡಿಗೆ ಏನೂ ಉಳಿಯಲ್ಲ.

ಹಾಗೆ ತಿನ್ನುವುದು ಗಾಳಿ. ಪೈಪು ಕಳಚಿ, ಬೇಕಂತಲೇ ಒಂದು ಗುಳ್ಳೆ ಗಾಳಿ ಬಿಟ್ಟು ಮತ್ತೆ ಜೋಡಿಸಿ ಕೊಟ್ಟೆ. ಚಿಕ್ಕಪ್ಪ ಒತ್ತಿದರು. ಸಿರಿಂಜು ಅರ್ಧದವರೆಗೆ ಮೆತ್ತಗೆ ಹೋಯಿತು, ನನ್ನ ಕಡೆ ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದರು. ಮುಖ ಸ್ವಲ್ಪ ಬದಲಾಯಿತು.

"ಇದೇ ಕಣೇ. ಆವತ್ತು ಕಾಲಿಗೆ ಹಿಂಗೇ ಆಗಿದ್ದು."

ಕಾಲಿಗೆ ನೆನಪಿರುವುದನ್ನು ಬೆರಳು ಗುರುತು ಹಿಡಿಯಿತು. ನನ್ನ ಯಾವ ವಿವರಣೆಗೂ ಆಗದೇ ಇದ್ದದ್ದು ಮೂವತ್ತು ರೂಪಾಯಿ ಸಾಮಾನಿನಿಂದ ಆಯಿತು.

ಆದರೆ ಪ್ರಶ್ನೆ ಮುಗಿದಿರಲಿಲ್ಲ. ಗಾಳಿ ಒಳಗೆ ಹೋಗಿದ್ದರೆ ಅದು ಅಲ್ಲೇ ಇರಬೇಕಿತ್ತು, ಅರ್ಧ ಗಂಟೆಯಲ್ಲಿ ಎಲ್ಲಿಗೆ ಹೋಯಿತು? ಇದಕ್ಕೆ ಉತ್ತರ ಕೊಟ್ಟವರು ಅಜ್ಜಿ, ಅದೂ ಕಾಫಿ ಕಾಸುತ್ತಾ ಒಳಗಿಂದಲೇ: "ಕುದ್ದ್ರೆ ಗುಳ್ಳೆ ಬರ್ತದೆ, ಒಲೆ ಆರಿಸಿದ್ರೆ ಗುಳ್ಳೆ ಎಲ್ಲಿರ್ತದೆ?"

ಅಷ್ಟೇ ವಿಷಯ. ಬ್ರೇಕ್ ಆಯಿಲ್ ಕುದಿದಿತ್ತು.

ಇಲ್ಲಿ ಒಂದು ಮಾತು. ನಾವೆಲ್ಲ ಬ್ರೇಕ್ ಆಯಿಲ್ ಅನ್ನುತ್ತೇವೆ, ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ನಿಜವಾದ ಇಂಜಿನ್ ಆಯಿಲ್ ಅದರಲ್ಲಿ ಬಿದ್ದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಈ ದ್ರವಕ್ಕೆ ಒಂದು ಗುಣ ಇದೆ, ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬದ ಉಪ್ಪು ನೀರಾಗುತ್ತದಲ್ಲ, ಹಾಗೆ. ರಬ್ಬರ್ ಹೋಸಿನ ಮೂಲಕ, ಮುಚ್ಚಳದ ಸಂದಿನ ಮೂಲಕ ವರ್ಷವಿಡೀ ಸ್ವಲ್ಪ ಸ್ವಲ್ಪವೇ ತೇವ ಸೇರುತ್ತದೆ. ಈಗ ಹೆಚ್ಚಿನ ಕಾರುಗಳಿಗೆ ಹಾಕುವ ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ಗುಣಮಟ್ಟದ ನಿಯಮ. ಅದೇ ದ್ರವದಲ್ಲಿ ನೂರಕ್ಕೆ ಮೂರ್ನಾಲ್ಕು ಪಾಲು ನೀರು ಸೇರಿದರೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಹಳೆಯ ಡಾಟ್ 3 ಆದರೆ ಹೊಸದಕ್ಕೆ 205, ತೇವ ಸೇರಿದ್ದಕ್ಕೆ 140. ಕುದಿದಾಗ ಹುಟ್ಟುವ ಆವಿ ಸಣ್ಣ ಜಾಗ ಕೇಳಲ್ಲ. ಒಂದು ಹನಿ ನೀರು ಆವಿಯಾದರೆ ಸುಮಾರು 1600 ಪಟ್ಟು ಹಿಗ್ಗುತ್ತದೆ. ಆ ಗುಳ್ಳೆಯೇ ಪೆಡಲಿನ ಓಟವನ್ನೆಲ್ಲ ನುಂಗುವುದು. ತಣ್ಣಗಾದರೆ ಆವಿ ಮತ್ತೆ ನೀರು, ಪೆಡಲ್ ಮತ್ತೆ ಗಟ್ಟಿ. ಗ್ಯಾರೇಜಿನವರು ನೋಡಿದಾಗ ಸಾಕ್ಷಿ ಎಲ್ಲಾ ಅಳಿಸಿಹೋಗಿತ್ತು.

"ಆಯಿಲ್ ಯಾವಾಗ ಬದಲಾಯಿಸಿದ್ದು?" ಅಂತ ಕೇಳಿದೆ. ಚಿಕ್ಕಪ್ಪ ನೆನಪು ಮಾಡಿಕೊಂಡು, "ಕಮ್ಮಿ ಆದಾಗ ಹಾಕ್ತಾರಲ್ಲ" ಅಂದರು. ಅಂದರೆ ಗಾಡಿ ಕೊಂಡಾಗಿನಿಂದ ಪೂರ್ತಿ ಬದಲಾಯಿಸಿದ್ದೇ ಇಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಆಗುಂಬೆಯ ಮಳೆಯಲ್ಲಿ ಓಡಾಡುವ ಗಾಡಿಗೆ ನಾನಾಗಿದ್ದರೆ ಅಷ್ಟೂ ಕಾಯುತ್ತಿರಲಿಲ್ಲ.

ಇನ್ನು ಶಾಖ ಎಲ್ಲಿಂದ ಬಂತು ಅನ್ನೋದು. ಬ್ರೇಕ್ ಗಾಡಿಯ ವೇಗವನ್ನು ಮಾಯ ಮಾಡಲ್ಲ, ಬಿಸಿ ಮಾಡುತ್ತದೆ. ಇದು ಥರ್ಮೋ ಮೊದಲ ಯೂನಿಟ್ಟಿನ ಮಾತೇ. ಗಾಡಿ, ಜನ, ಲಗೇಜು ಸೇರಿ 1200 ಕೆಜಿ ಅಂತ ಹಿಡಿಯಿರಿ. 80 ಕಿಲೋಮೀಟರ್ ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಸುಮಾರು 3 ಲಕ್ಷ ಜೂಲ್ ಶಾಖ. ಅದೇ ಗಾಡಿ ಘಾಟಿಯಲ್ಲಿ 500 ಮೀಟರ್ ಎತ್ತರದಿಂದ ಕೆಳಗೆ ಇಳಿದರೆ ಎಂಜಿಹೆಚ್ ಲೆಕ್ಕದಲ್ಲಿ ಸುಮಾರು 59 ಲಕ್ಷ ಜೂಲ್. ಮೆಲ್ಲಗೇ ಇಳಿಯಿರಿ, ಜೋರಾಗೇ ಇಳಿಯಿರಿ, ಈ ಮೊತ್ತ ಬದಲಾಗಲ್ಲ. 80ರಿಂದ ಸೊನ್ನೆಗೆ ಸತತ ಇಪ್ಪತ್ತು ಸಲ ಬ್ರೇಕ್ ಹಾಕಿದ್ದಕ್ಕೆ ಸಮ. ಟೈರ್ ಉರುಳುವುದರಲ್ಲಿ, ಗಾಳಿಯಲ್ಲಿ ಒಂದು ಕಾಲು ಭಾಗ ಹೋಗಲಿ. ಉಳಿದದ್ದನ್ನು ಇಪ್ಪತ್ತು ನಿಮಿಷಕ್ಕೆ ಹಂಚಿದರೆ 3.7 ಕಿಲೋವ್ಯಾಟ್ ಬರುತ್ತದೆ. ನಮ್ಮ ಹಾಸ್ಟೆಲಿನ 2 ಕಿಲೋವ್ಯಾಟ್ ಗೀಸರ್ ಎರಡನ್ನು ಚಕ್ರದೊಳಗೆ ಕಟ್ಟಿ ಇಪ್ಪತ್ತು ನಿಮಿಷ ಆನ್ ಮಾಡಿ ಇಟ್ಟ ಹಾಗೆ. (ಹಾಸ್ಟೆಲಿನ ಗೀಸರಿನಲ್ಲಿ ಬಿಸಿನೀರು ಬರುವ ದಿನದ ಲೆಕ್ಕ ಇದು.) ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಈ ಶಾಖದ ಹೆಚ್ಚಿನ ಪಾಲನ್ನು ಮುಂದಿನ ಎರಡು ಡಿಸ್ಕುಗಳೇ ಹೊರಬೇಕು. ಅವು 300 ಡಿಗ್ರಿ ದಾಟುವುದು ದೊಡ್ಡ ವಿಷಯವಲ್ಲ. ಅಲ್ಲಿಂದ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನ ಬೆನ್ನಿಗೇ ಇರುವ ದ್ರವಕ್ಕೆ. ಅಜ್ಜಿಗೆ ಬಂದ ಸುಟ್ಟ ವಾಸನೆ ಪ್ಯಾಡಿನದು. ಘಾಟಿಯಲ್ಲಿ ಆ ವಾಸನೆ ಬಂದರೆ ಅದು ಪೆಡಲ್ ಮೆತ್ತಗಾಗುವುದಕ್ಕಿಂತ ಮುಂಚೆ ಬರುವ ಕಾಗದ.

ಒಂದು ವಿಷಯದಲ್ಲಿ ಚಿಕ್ಕಪ್ಪನ ಅನುಭವ ಅವರನ್ನು ಕಾಪಾಡಿತ್ತು. ಅರ್ಧ ಗಂಟೆ ಬಿಟ್ಟರು. ಗಾಡಿ ನಿಂತ ಕೂಡಲೇ ಡಿಸ್ಕಿಗೆ ಗಾಳಿ ಬಡಿಯುವುದು ನಿಲ್ಲುತ್ತದೆ, ಆದರೆ ಅದರೊಳಗಿನ ಶಾಖ ಕ್ಯಾಲಿಪರ್ ಕಡೆಗೆ ನುಗ್ಗುತ್ತಲೇ ಇರುತ್ತದೆ. ನಿಂತ ಮೊದಲ ಕೆಲವು ನಿಮಿಷಗಳಲ್ಲಿ ದ್ರವ ಇನ್ನೂ ಬಿಸಿಯಾಗಬಹುದು. ಐದು ನಿಮಿಷಕ್ಕೇ "ಸರಿಯಾಯ್ತು ನಡಿ" ಅಂತ ಹೊರಟಿದ್ದರೆ? ಆ ಯೋಚನೆ ನನಗೆ ಬೇಡ.

ಹ್ಯಾಂಡ್ ಬ್ರೇಕ್ ಯಾಕೆ ಹಿಡಿಯಿತು ಅಂದರೆ ಅದಕ್ಕೆ ದ್ರವದ ಹಂಗಿಲ್ಲ. ಅವರ ಗಾಡಿಯಲ್ಲಿ ಒಂದು ಕೇಬಲ್ ನೇರವಾಗಿ ಹಿಂದಿನ ಡ್ರಮ್ಮುಗಳ ಬ್ರೇಕ್ ಶೂ ಎಳೆಯುತ್ತದೆ, ಅಷ್ಟೇ. ಒಮ್ಮೆಗೇ ಜಗ್ಗಿದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಬಹುದು, ಬಟನ್ ಒತ್ತಿಹಿಡಿದು ಸ್ವಲ್ಪ ಸ್ವಲ್ಪ ಎಳೆಯಬೇಕು. ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಬೇರೆ ಬೇರೆ ಕೋಣೆ ಇರುತ್ತದಲ್ಲ, ಒಂದು ಪೈಪು ಒಡೆದರೆ ಇನ್ನೊಂದು ಕಾಪಾಡುತ್ತದೆ ಅಂತ ನಮ್ಮ ಕ್ಲಾಸಿನಲ್ಲಿ ಯಾರಾದರೂ ವಾದಿಸಬಹುದು. ನಿಜ, ಸೋರಿಕೆಗೆ ಅದು ಉತ್ತರ. ಕುದಿಯುವುದಕ್ಕಲ್ಲ. ಎರಡೂ ಕೋಣೆಯಲ್ಲಿರುವುದು ಒಂದೇ ಹಳೇ ದ್ರವ, ಎರಡೂ ಕಡೆ ಅದೇ ಘಾಟಿ. ಎಬಿಎಸ್ ಕೂಡ ಇಲ್ಲಿ ಸುಮ್ಮನೆ ಕೂತಿರುತ್ತದೆ. ಚಕ್ರ ಲಾಕ್ ಆಗುವಾಗ ಒತ್ತಡ ಬಿಟ್ಟು ಹಿಡಿದು ಮಾಡುವುದು ಅದರ ಕೆಲಸ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ ಆದದ್ದು ಒಳ್ಳೆಯದೇ, ಆದರೆ ಬಿಡೋಕೆ ಮೊದಲು ಒತ್ತಡ ಇರಬೇಕಲ್ಲ.

ಇಲ್ಲಿಯವರೆಗೆ ಚಿಕ್ಕಪ್ಪ ಒಪ್ಪಿದರು. ಜಗಳ ಶುರುವಾದದ್ದು ಇದರ ನಂತರ, ಗೇರಿನ ವಿಷಯಕ್ಕೆ.

ಅವರಿಗೆ ಇಳಿಜಾರು ಸಿಕ್ಕರೆ ನ್ಯೂಟ್ರಲ್ ಹಾಕುವ ಅಭ್ಯಾಸ. ಕೆಳಗೆ ತಿರುವು ಕಡಿಮೆಯಾದ ಮೇಲೆ ಒಮ್ಮೊಮ್ಮೆ ಇಂಜಿನ್ನೇ ಆಫ್. ಪೆಟ್ರೋಲ್ ಉಳಿಯುತ್ತದೆ ಅನ್ನೋದು ವಾದ. ಬಾಡಿಗೆ ಗಾಡಿಯವರಿಗೆ ಇದು ಚಿಲ್ಲರೆ ಮಾತಲ್ಲ, ಸಂಸಾರದ ಲೆಕ್ಕ. "ಸೇಫ್ಟಿ ಮುಖ್ಯ ಚಿಕ್ಕಪ್ಪ" ಅಂತ ಬಸ್ ಸ್ಟ್ಯಾಂಡಿನ ಬೋರ್ಡಿನ ಹಾಗೆ ಹೇಳಿದರೆ ಕೇಳುವುದಿಲ್ಲ, ಕೇಳಬೇಕಾಗೂ ಇಲ್ಲ. ಹಾಗಾಗಿ ನಾನು ಎರಡು ದಿನ ಕೂತು ಪೆಟ್ರೋಲಿನ ಲೆಕ್ಕವನ್ನೇ ಓದಿದೆ.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಇಂಧನ ಚಿಮ್ಮಿಸುವುದು ಕಂಪ್ಯೂಟರ್. ಗಾಡಿ ಗೇರಿನಲ್ಲಿದ್ದು, ಆಕ್ಸಿಲರೇಟರ್ ಮೇಲೆ ಕಾಲಿಲ್ಲದೆ, ಇಂಜಿನ್ ಐಡಲ್‌ಗಿಂತ ಸಾಕಷ್ಟು ಜೋರಾಗಿ ತಿರುಗುತ್ತಿದ್ದರೆ ಅದು ಇಂಜೆಕ್ಟರನ್ನೇ ಮುಚ್ಚಿಬಿಡುತ್ತದೆ. ಇಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರ, ಚಕ್ರವನ್ನು ತಿರುಗಿಸುತ್ತಿರುವುದು ಘಾಟಿ. ಪೆಟ್ರೋಲ್ ಖರ್ಚು ಸೊನ್ನೆ. ನ್ಯೂಟ್ರಲ್ ಹಾಕಿದ ಕೂಡಲೇ ಇಂಜಿನ್ ತಾನೇ ಉರಿದುಕೊಂಡು ಬದುಕಬೇಕು. ಸಣ್ಣ ಕಾರಿನ ಇಂಜಿನ್ ಐಡಲ್‌ನಲ್ಲಿ ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸು ಕುಡಿಯುತ್ತದೆ. ಅಂದರೆ ಒಂದು ಘಾಟಿಗೆ ಇಪ್ಪತ್ತು ರೂಪಾಯಿ ಉಳಿಸಿದೆ ಅಂದುಕೊಂಡವರು ನಿಜವಾಗಿ ಇಪ್ಪತ್ತು ರೂಪಾಯಿ ಕಳೆದಿರುತ್ತಾರೆ. ಇಂಜಿನ್ ಆಫ್ ಮಾಡಿದರೆ ಖರ್ಚು ಸೊನ್ನೆ, ಗೇರಿನಲ್ಲಿದ್ದರೂ ಸೊನ್ನೆ. ಉಳಿತಾಯ ಏನೂ ಇಲ್ಲ.

ಹಾಗಂತ ಚಿಕ್ಕಪ್ಪನಿಗೆ ಗಾಡಿ ಕಲಿಸಿದವರು ಸುಳ್ಳು ಹೇಳಿರಲಿಲ್ಲ. ಅವರು ಕಲಿತದ್ದು ಕಾರ್ಬ್ಯುರೇಟರ್ ಇದ್ದ ಹಳೆ ಓಮ್ನಿಯಲ್ಲಿ. ಕಾರ್ಬ್ಯುರೇಟರಿಗೆ ಬುದ್ಧಿ ಇಲ್ಲ. ಇಂಜಿನ್ ಎಳೆದಷ್ಟು ಪೆಟ್ರೋಲ್ ಕೊಡುತ್ತಾ ಹೋಗುತ್ತದೆ, ಗೇರಿನಲ್ಲಿ ಇಂಜಿನ್ ಜೋರಾಗಿ ತಿರುಗಿದಷ್ಟೂ ಜಾಸ್ತಿ. ಆ ಕಾಲಕ್ಕೆ ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತಿದ್ದದ್ದು ನಿಜವೇ. ಗಾಡಿ ಬದಲಾಯಿತು, ಮಾತು ಹಾಗೇ ಉಳಿಯಿತು. ಇದನ್ನು ಹೇಳಿದ ಮೇಲೆ ಚಿಕ್ಕಪ್ಪನ ದನಿ ಸ್ವಲ್ಪ ಮೆತ್ತಗಾದದ್ದು ನನಗೆ ಗೊತ್ತಾಯಿತು. ತಾನು ದಡ್ಡ ಅಲ್ಲ, ಗಾಡಿ ಹೊಸದು ಅಂದರೆ ಯಾರಿಗಾದರೂ ಒಪ್ಪಿಕೊಳ್ಳೋಕೆ ಸುಲಭ.

ಇಂಜಿನ್ ಆಫ್ ಮಾಡುವುದರಲ್ಲಿ ಇನ್ನೊಂದು ಅಪಾಯ ಇದೆ, ಅದನ್ನು ಅಂಗಳದಲ್ಲೇ ತೋರಿಸಿದೆ. ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಒಂದು ದೊಡ್ಡ ಕಪ್ಪು ಡಬ್ಬ ಇರುತ್ತದೆ, ಬೂಸ್ಟರ್. ಅದರೊಳಗೆ ಒಂದು ರಬ್ಬರ್ ಪರದೆ. ಪರದೆಯ ಒಂದು ಕಡೆಯ ಗಾಳಿಯನ್ನು ಇಂಜಿನ್ ಸದಾ ಎಳೆದುಕೊಳ್ಳುತ್ತಿರುತ್ತದೆ. ಬ್ರೇಕ್ ತುಳಿದಾಗ ಇನ್ನೊಂದು ಕಡೆಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ತಳ್ಳುತ್ತದೆ. ಪರದೆ 20 ಸೆಂಟಿಮೀಟರ್ ಅಗಲ ಇದ್ದರೆ ಆ ತಳ್ಳುವಿಕೆ ಸುಮಾರು 190 ಕೆಜಿವರೆಗೂ ಹೋಗುತ್ತದೆ. ಕಾಲಿನದು ಸನ್ನೆ ಸೇರಿ 80, ಬೂಸ್ಟರಿನದು 190. ನಮ್ಮ ಕಾಲಿಗಿಂತ ಎರಡು ಪಟ್ಟು ಜಾಸ್ತಿ ಬ್ರೇಕ್ ಹಾಕುವುದು ಬರೀ ಗಾಳಿ. ಇಂಜಿನ್ ನಿಂತರೆ ಡಬ್ಬದಲ್ಲಿ ಉಳಿದ ನಿರ್ವಾತ ಎರಡು ಮೂರು ಸಲಕ್ಕೆ ಸಾಕು, ಆಮೇಲೆ ಪೆಡಲ್ ಕಲ್ಲು. ಚಿಕ್ಕಪ್ಪನನ್ನು ಸೀಟಿನಲ್ಲಿ ಕೂರಿಸಿ, ಇಂಜಿನ್ ಆಫ್ ಮಾಡಿಸಿ, ಪೆಡಲ್ ತುಳಿಸಿದೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕಾಲು ಅಲ್ಲೇ ನಿಂತಿತು. ಹಾಗೇ ತುಳಿದುಕೊಂಡೇ ಸ್ಟಾರ್ಟ್ ಮಾಡಿ ಅಂದೆ. ಇಂಜಿನ್ ಹಿಡಿದ ಕೂಡಲೇ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಿತು. ನಿಮ್ಮಲ್ಲಿ ಕಾರು ಇರುವವರು ಇವತ್ತೇ ಮಾಡಿ ನೋಡಬಹುದು, ಗಾಡಿ ನಿಂತಿರುವಾಗ. ಬೂಸ್ಟರ್ ಸರಿ ಇದೆಯಾ ಅಂತ ಮೆಕ್ಯಾನಿಕ್‌ಗಳು ನೋಡುವುದೂ ಹೀಗೇ.

ಇದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗಾಳಿ ಬರುವ ಬಾಗಿಲು, ಥ್ರಾಟಲ್, ಮುಚ್ಚುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ಪಿಸ್ಟನ್ನುಗಳು ಗಾಳಿಗಾಗಿ ಒದ್ದಾಡುತ್ತವೆ. ಆ ಒದ್ದಾಟವೇ ಸೆಕೆಂಡ್ ಗೇರಿನಲ್ಲಿ ಗಾಡಿಯನ್ನು ಹಿಡಿದಿಡುವುದರಲ್ಲಿ ದೊಡ್ಡ ಪಾಲು. ಬೂಸ್ಟರಿಗೆ ಬೇಕಾದ ನಿರ್ವಾತ ಹುಟ್ಟುವುದೂ ಅಲ್ಲೇ. ಅಂದರೆ ಗೇರಿನಲ್ಲಿ ಇಳಿಯುವ ಗಾಡಿಗೆ ಇಂಜಿನ್ ತಾನೂ ಬ್ರೇಕ್ ಹಾಕುತ್ತದೆ, ಕಾಲಿನ ಬ್ರೇಕಿಗೂ ಬಲ ತುಂಬುತ್ತಿರುತ್ತದೆ, ಪೆಟ್ರೋಲೂ ಕೇಳಲ್ಲ. ಆ 59 ಲಕ್ಷ ಜೂಲಿನಲ್ಲಿ ದೊಡ್ಡ ಪಾಲು ಡಿಸ್ಕಿಗೆ ಹೋಗದೆ ಇಂಜಿನ್ನಿನ ಕಡೆಗೇ ಹೋಗುತ್ತದೆ. ಅದಕ್ಕೆ ರೇಡಿಯೇಟರ್ ಇದೆ, ಫ್ಯಾನ್ ಇದೆ, ಶಾಖ ಹೊರುವುದೇ ಅದರ ಕಸುಬು. (ಡೀಸೆಲ್ ಇಂಜಿನ್ನಿನ ಕಥೆ ಬೇರೆ, ಅದರಲ್ಲಿ ಬೂಸ್ಟರಿಗೆ ಪ್ರತ್ಯೇಕ ಪಂಪ್ ಇಡುತ್ತಾರೆ.) ಇದನ್ನು ಚಿಕ್ಕಪ್ಪನಿಗೆ "ಎಂಜಿನ್ ಬ್ರೇಕಿಂಗ್" ಅಂದೆ. ಅವರು, "ಅಂದ್ರೆ ಇಂಜಿನ್ ಹಿಂದಿಂದ ಹಿಡ್ಕೊಳ್ತದೆ" ಅಂದರು. ಅವರ ಮಾತೇ ಚೆನ್ನಾಗಿದೆ.

ಆ ವಾರವೇ ಗ್ಯಾರೇಜಿಗೆ ಹೋದೆವು. ಬ್ರೇಕ್ ಆಯಿಲ್ ಬದಲಾಯಿಸುವುದಕ್ಕೆ ಇಬ್ಬರು ಬೇಕು, ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ನಿಪ್ಪಲ್ ಬಿಡಿಸಬೇಕು. ತುಳಿಯುವ ಕೆಲಸ ನನಗೆ ಕೊಟ್ಟರು. "ತುಳಿ… ಹಿಡ್ಕೋ… ಬಿಡು." ಬಾಟಲಿಗೆ ಬಂದ ಹಳೆ ದ್ರವ ಕಾಫಿ ಡಿಕಾಕ್ಷನ್ ಬಣ್ಣ ಇತ್ತು. ಹೊಸದು ತಿಳಿ ಹಳದಿ, ಹೆಚ್ಚುಕಡಿಮೆ ನೀರಿನ ಹಾಗೆ. ಒಂದೊಂದೇ ಚಕ್ರದಲ್ಲಿ ಡಿಕಾಕ್ಷನ್ ಹೋಗಿ ತಿಳಿ ಬರುವವರೆಗೆ ತುಳಿದೆ. ಚಿಕ್ಕಪ್ಪ ಆ ಎರಡು ಬಾಟಲಿ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಅಜ್ಜಿಯ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೈಲೇಜಿನ ಜಗಳ ಮಾತ್ರ ಘಾಟಿಯಲ್ಲೇ ತೀರ್ಮಾನ ಆಗಬೇಕಿತ್ತು. ನಾನು ವಾಪಸ್ ಕಾಲೇಜಿಗೆ ಬರುವ ಹಿಂದಿನ ದಿನ ಉಡುಪಿಗೆ ಬಾಡಿಗೆ ಇತ್ತು, ಮುಂದಿನ ಸೀಟಿನಲ್ಲಿ ಕೂತೆ. ಅವರ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಒಂದು ಪಟ್ಟಿ ಇದೆ. ಇಷ್ಟು ವರ್ಷದಲ್ಲಿ ಅವರು ಅದನ್ನು ನೋಡಿದ್ದೇ ಇಲ್ಲವಂತೆ. ಘಾಟಿಯುದ್ದಕ್ಕೂ ಸೆಕೆಂಡ್ ಗೇರು. ಬ್ರೇಕ್ ಬೇಕಾದದ್ದು ತಿರುವಿಗೆ ಮುಂಚೆ ಮಾತ್ರ, ಗಟ್ಟಿಯಾಗಿ ಒಮ್ಮೆ ಹಿಡಿದು ಪೂರ್ತಿ ಬಿಡುವುದು. ಸದಾ ಕಾಲು ಒರಗಿಸಿ ಸವರುತ್ತಾ ಇದ್ದರೆ ಡಿಸ್ಕಿಗೆ ಆರಿಕೊಳ್ಳೋಕೆ ಬಿಡುವೇ ಸಿಗಲ್ಲ. ಆ ಪಟ್ಟಿ ಉದ್ದಕ್ಕೂ ತನ್ನ ಕೊನೆ ಮುಟ್ಟಿ ನಿಂತಿತ್ತು, ಅದಕ್ಕಿಂತ ಮೇಲೆ ತೋರಿಸೋಕೆ ಅದಕ್ಕೆ ಜಾಗವೇ ಇಲ್ಲ. ಕೆಳಗೆ ನೇರ ರಸ್ತೆ ಸಿಕ್ಕಿದ ಮೇಲೆ ಇಳಿಜಾರು ಸಣ್ಣದಿದ್ದ ಕಡೆ, ಎರಡೇ ನಿಮಿಷ, ಇಂಜಿನ್ ಆನ್ ಇಟ್ಟುಕೊಂಡು ನ್ಯೂಟ್ರಲ್ ಮಾಡಿದರು. ಪಟ್ಟಿ ಜರ್ರನೆ ಇಳಿದು 40ರ ಹತ್ತಿರ ನಿಂತಿತು. ಮತ್ತೆ ಗೇರಿಗೆ ಹಾಕಿದರು, ಮತ್ತೆ ಕೊನೆಗೆ ಹೋಯಿತು. ಏನೂ ಹೇಳಲಿಲ್ಲ. ಸೋಮೇಶ್ವರದಲ್ಲಿ ನಿಲ್ಲಿಸಿ ಇಳಿದು, ಮುಂದಿನ ಚಕ್ರದ ಹತ್ತಿರ ಬಗ್ಗಿ ಮುಟ್ಟದೆ ಅಂಗೈ ಹಿಡಿದು ಶಾಖ ನೋಡಿದರು. ಅವರ ತೃಪ್ತಿಗೆ ಅಷ್ಟು ಸಾಕಾಗಿತ್ತು ಅಂತ ಕಾಣುತ್ತದೆ, ನನಗೊಂದು ಗೋಳಿಬಜೆ ಪ್ಲೇಟ್ ಕೊಡಿಸಿದರು.

ಮೊನ್ನೆ ಫೋನ್ ಮಾಡಿದಾಗ ಅವರದು ಹೊಸ ದೂರು. ಸೆಕೆಂಡ್ ಗೇರಿನಲ್ಲಿ ಇಳಿಸಿದರೆ ಇಂಜಿನ್ ಸದ್ದು ಜಾಸ್ತಿ, ಬಾಡಿಗೆಗೆ ಬಂದವರು ಹೆದರಿಕೊಂಡು "ಗಾಡಿ ಯಾಕೆ ಹಿಂಗೆ ಕೂಗ್ತದೆ" ಅಂತ ಕೇಳ್ತಾರಂತೆ.

"ನೀವು ಏನ್ ಹೇಳ್ತೀರಿ ಚಿಕ್ಕಪ್ಪ?"

"ಎಂಥ ಹೇಳೋದು. ಇಂಜಿನ್ ಹಿಂದಿಂದ ಹಿಡ್ಕೊಂಡಿದೆ, ಸುಮ್ನೆ ಕೂತ್ಕೊಳ್ಳಿ ಅಂತೀನಿ. ಆ ಸಿರಿಂಜು ಎರಡೂ ಡ್ಯಾಶ್‌ಬೋರ್ಡಲ್ಲೇ ಇಟ್ಟಿದೀನಿ, ಜಾಸ್ತಿ ಕೇಳಿದವ್ರಿಗೆ ಕೈಗೇ ಕೊಡ್ತೀನಿ."